ಭೂತಕಾಲದಲ್ಲಿ ನನ್ನ ಹೆಂಡತಿ

ಸ್ಪ್ಯಾನಿಷ್ ಬಹಳ ಸುಲಭವಾದ ಭಾಷೆ. ಈ ಮಾತನ್ನು ನಾನು ಈಗಲೂ ಹೇಳುತ್ತೇನೆ. ಹೇಳುವ ಮುಂಚೆ ಹೆಂಡತಿ ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚಿದ್ದಾಳೆಯೇ ಎಂದು ನೋಡಿಕೊಳ್ಳುತ್ತೇನೆ, ಅಷ್ಟೇ.

ನಾನು ಮೂಲತಃ ಧಾರವಾಡದವನು. ಮೌದಾದ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರುಗಳ ಮುಖ ನೋಡುತ್ತ ನಿವೃತ್ತನಾಗಿ, ಈಗ ನಾಗಪುರದ ಲಕ್ಷ್ಮೀ ನಗರದಲ್ಲಿ ಹೆಂಡತಿಯ ಮುಖ ನೋಡುತ್ತ ಇದ್ದೇನೆ. ಬಾಯ್ಲರಿಗಾದರೆ ಒತ್ತಡ ತೋರಿಸುವ ಮಾಪಕವಿತ್ತು.

ನಮ್ಮ ಒಬ್ಬಳೇ ಮಗಳು ವೈದೇಹಿ ಕಿತ್ತಳೆ ಗಿಡಗಳ ರೋಗಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಅದೇ ಕೆಲಸಕ್ಕೆ ಸ್ಪೇನಿನ ವೆಲೆನ್ಸಿಯಾದಿಂದ ಬಂದ ಹಾವಿಯೆರ್ ಎಂಬ ಹುಡುಗ ಗಿಡದ ರೋಗ ಹುಡುಕುತ್ತ ಹುಡುಕುತ್ತ ನಮ್ಮ ಮಗಳನ್ನು ಹುಡುಕಿಕೊಂಡ. ಆ ಹೆಸರು ಮೊದಲು ಕಿವಿಗೆ ಬಿದ್ದಾಗ ನನ್ನ ಹೆಂಡತಿ ಸುಮಿತ್ರಾ "ಹಾವ? ಎಲ್ಲೈತಿ?" ಎಂದು ಕಾಲೆತ್ತಿ ಸೋಫಾದ ಮೇಲೆ ಕೂತಿದ್ದಳು. ಒಂದೇ ತಿಂಗಳಲ್ಲಿ "ನಮ್ಮ ಹಾವ್ಯಾಗ ಎರಡ ಚಪಾತಿ ಹೆಚ್ಚಿಗಿ ಹಾಕು" ಎನ್ನುವ ಮಟ್ಟಕ್ಕೆ ಬಂದಳು. ಹುಡುಗ ಒಳ್ಳೆಯವನು. ಹಿಂದಿ ಚೆನ್ನಾಗಿ ಕಲಿತಿದ್ದ. ತೊಡಕು ಒಂದೇ. ಅವನ ತಾಯಿ ಕಾರ್ಮೆನ್ ಬಂದು, ನಮ್ಮ ಮನೆ ನೋಡಿ, ಹೂಂ ಅಂದರೆ ಮಾತ್ರ ಮದುವೆ. ಗಂಡನನ್ನು ಕಳೆದುಕೊಂಡು ಒಬ್ಬಳೇ ಮಗನನ್ನು ಬೆಳೆಸಿದವಳು. ಮಗ ಅಷ್ಟು ದೂರದ ಊರಿನಲ್ಲಿ, ಎಂಥವರ ಮನೆಗೆ ಸೇರುತ್ತಾನೋ ಎಂದು ಅವಳಿಗೆ ನಿದ್ದೆಯಿಲ್ಲವಂತೆ.

ವೈದೇಹಿ ನನ್ನನ್ನು ಕೂರಿಸಿಕೊಂಡು ಹೇಳಿದಳು: "ಅಪ್ಪಾ, ಅವರಿಗೆ ಇಂಗ್ಲಿಷ್ ಬರಂಗಿಲ್ಲ. ನೀವು ನಮಸ್ಕಾರ ಮಾಡ್ರಿ, ನಗ್ರಿ, ಬಸ್. ಬಾಕಿ ನಾವು ನೋಡ್ಕೋತೀವಿ. ಶಾಣ್ಯಾತನ ಮಾಡಬ್ಯಾಡ್ರಿ, ಪ್ಲೀಸ್."

ಶಾಣ್ಯಾತನ! ಹೈಸ್ಕೂಲಿನಲ್ಲಿ ಸಂಸ್ಕೃತದ ಧಾತುರೂಪಗಳನ್ನು ನಿದ್ದೆಯಲ್ಲೂ ಹೇಳುತ್ತಿದ್ದವನಿಗೆ ಈ ಮಾತು! ಮರುದಿನವೇ ಊರಿನ ಹಳೆಯ ಪೇಟೆಯಾದ ಮಹಾಲ್‌ನ ಗಲ್ಲಿಯೊಂದರ ಹಳೆಯ ಪುಸ್ತಕದಂಗಡಿಗೆ ಹೋಗಿ, ಮೂವತ್ತು ದಿನಗಳಲ್ಲಿ ಸ್ಪ್ಯಾನಿಷ್ ಕಲಿಸುವುದಾಗಿ ಆಣೆ ಮಾಡಿದ್ದ ಪುಸ್ತಕವೊಂದನ್ನು ತಂದೆ. ಇಪ್ಪತ್ತೊಂದನೆಯ ದಿನದಿಂದ ಆಚೆಗೆ ಅದನ್ನು ಗೆದ್ದಲು ಓದಿ ಮುಗಿಸಿತ್ತು. ಆದರೂ ವರ್ತಮಾನ, ಭೂತ, ಭವಿಷ್ಯತ್ ಮೂರೂ ಸುರಕ್ಷಿತವಾಗಿದ್ದವು. ಮೂರು ಕಾಲ ಸಿಕ್ಕ ಮೇಲೆ ಮನುಷ್ಯನಿಗೆ ಇನ್ನೆಷ್ಟು ಕಾಲ ಬೇಕು?

ಓದುತ್ತ ಹೋದಂತೆ ನನ್ನ ಎದೆ ಉಬ್ಬಿತು. ಸ್ಪ್ಯಾನಿಷ್‌ನಲ್ಲಿ ಶಿಸ್ತಿನ ಕ್ರಿಯಾಪದಗಳದು ಮೂರೇ ಪಂಗಡ. 'ಆರ್' ಎಂದು ಮುಗಿಯುವವು, 'ಎರ್' ಎಂದು ಮುಗಿಯುವವು, 'ಇರ್' ಎಂದು ಮುಗಿಯುವವು. ಹಳೆಯ ಬಾಲ ಕತ್ತರಿಸಬೇಕು, ಕಾಲ ನೋಡಿ, ಪುರುಷ ನೋಡಿ ಹೊಸ ಬಾಲ ಅಂಟಿಸಬೇಕು. 'ಕೊಮೆರ್' ಎಂದರೆ ತಿನ್ನುವುದು. ತಿನ್ನುತ್ತೇನೆ, ಕೊಮೊ. ತಿಂದೆ, ಕೊಮೀ. ಮುಂದೆ ತಿನ್ನುತ್ತೇನೆ, ಕೊಮೆರೇ. 'ನಾನು' ಎಂದು ಬೇರೆ ಹೇಳಬೇಕಾಗಿಯೇ ಇಲ್ಲ. ನಮ್ಮ ಕನ್ನಡದ ಹಾಗೆಯೇ ಬಾಲ ನೋಡಿದರೆ ಆಸಾಮಿ ಯಾರೆಂದು ತಿಳಿಯುತ್ತದೆ. ಇದು ಪರದೇಶದ ಭಾಷೆಯಲ್ಲ, ನಮ್ಮ ದಾಯಾದಿಗಳದ್ದೇ ಎನ್ನಿಸಿತು.

"ಕೊಮೊ, ಕೊಮೆಸ್, ಕೊಮೆ…" ಎಂದು ಊಟದ ತಟ್ಟೆಯ ಮುಂದೆ ಜಪಿಸುತ್ತಿದ್ದೆ.

"ರೀ, ತಿನ್ನೋದನ್ನ ಆಮ್ಯಾಲೆ ಹೇಳ್ರಿ, ಮೊದಲ ತಿನ್ರಿ. ರೊಟ್ಟಿ ಆರಾಕತ್ತಾವು," ಎಂದಳು ಸುಮಿತ್ರಾ.

"ನಿನಗ ಇದರ ಮಹತ್ವ ತಿಳ್ಯಂಗಿಲ್ಲ. ಇದು ಉತ್ತಮ ಪುರುಷ, ಇದು ಮಧ್ಯಮ ಪುರುಷ…"

"ನನಗ ಒಬ್ಬ ಪುರುಷನ್ನ ಸಂಭಾಳಿಸಿ ಸಾಕಾಗೇತಿ."

ನಾನು ಇದನ್ನು ಅಜ್ಞಾನವೆಂದು ಕ್ಷಮಿಸಿದೆ.

ಕಾರ್ಮೆನ್ ಬರುವ ದಿನ ಕಾಟೋಲ್‌ನ ಕಿತ್ತಳೆ ತೋಟಕ್ಕೆ ದೊಡ್ಡ ಸಾಹೇಬರೊಬ್ಬರು ತಪಾಸಣೆಗೆ ಬಂದು, ವೈದೇಹಿ ಮತ್ತು ಹಾವಿಯೆರ್ ಇಬ್ಬರೂ ಅಲ್ಲೇ ಸಿಕ್ಕಿಬಿದ್ದರು. ವಿಮಾನ ನಿಲ್ದಾಣಕ್ಕೆ ಹೋಗುವ ಭಾರ ನನ್ನ ಮೇಲೆ ಬಿತ್ತು. ಬಿತ್ತು ಎನ್ನುವುದು ವಿನಯ. ನಾನು ಎರಡೂ ಕೈ ಚಾಚಿ ಹಿಡಿದುಕೊಂಡೆ!

ಆದರೆ ವಿಮಾನ ಹೊತ್ತಿಗೆ ಮುಂಚೆಯೇ ಇಳಿಯಿತು. ನಾನು ಅರ್ಧ ಗಡ್ಡ ಬೋಳಿಸಿಕೊಂಡು ಇನ್ನರ್ಧಕ್ಕೆ ಸೋಪು ಹಚ್ಚಿದ್ದಾಗ ಫೋನ್ ಬಂತು. "ದೋಂದೆ ಎಸ್ತಾ?" ಎಂದಳು ಕಾರ್ಮೆನ್. ಎಲ್ಲಿದ್ದೀರಿ ಎಂದರ್ಥ. ನನಗೆ ಅರ್ಥವಾಯಿತು! ಆ ಸಂತೋಷದಲ್ಲಿ, ನಮ್ಮ ಕಡೆ ಯಾರಾದರೂ ಕೂಗಿದರೆ ಏನು ಹೇಳುತ್ತೇವೆಯೋ ಅದನ್ನೇ ಶುದ್ಧ ಸ್ಪ್ಯಾನಿಷ್‌ನಲ್ಲಿ ಹೇಳಿದೆ: "ಯೆಗೇ! ಯೆಗೇ!"

ಎಂದರೆ "ಬಂದೆ, ಬಂದೆ!"

ಕನ್ನಡಿಗನು ಹಾಸಿಗೆಯಲ್ಲಿದ್ದರೂ "ಬಂದೆ" ಎನ್ನುತ್ತಾನೆ, ಬಚ್ಚಲಲ್ಲಿದ್ದರೂ "ಬಂದೆ" ಎನ್ನುತ್ತಾನೆ. ಕೇಳಿದವರೂ ಅದನ್ನು ನಂಬುವುದಿಲ್ಲ. ಈ ಒಪ್ಪಂದ ಸ್ಪೇನ್ ದೇಶದೊಂದಿಗೆ ಆಗಿರಲಿಲ್ಲ. ಬಂದು ನಿಂತಿರುವ ಬೀಗರನ್ನು ಹುಡುಕುತ್ತ ಕಾರ್ಮೆನ್ ಆ ಬಿಸಿಲಿನಲ್ಲಿ ಪೆಟ್ಟಿಗೆ ಎಳೆದುಕೊಂಡು ಕಾರುಗಳ ಸಾಲನ್ನೆಲ್ಲ ಮೂರು ಸುತ್ತು ಹಾಕಿದಳಂತೆ. ದಾರಿಯಲ್ಲಿ ವೈದೇಹಿಯ ಫೋನು: "ಅಪ್ಪಾ, ನೀವು ಬಂದೀನಿ ಅಂದ್ರಂತ! ಅವರು ಹುಡುಕಿ ಹುಡುಕಿ ಪರೇಶಾನ್ ಆಗ್ಯಾರ! ನಿಮಗ ಯಾರ ಹೇಳಿದ್ರು ಸ್ಪ್ಯಾನಿಷ್ ಮಾತಾಡಾಕ?"

"ಸಣ್ಣ ಕಾಲದೋಷ," ಎಂದೆ ಗಂಭೀರವಾಗಿ.

"ಇನ್ನ ಬಾಯಿ ತೆರೀಬ್ಯಾಡ್ರಿ!"

ಸರಿ ಎಂದೆ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಕಾರ್ಮೆನ್ ಕಾರಿನಲ್ಲಿ ನನ್ನ ಪಕ್ಕದಲ್ಲಿ ಕೂತಳು. ಎತ್ತರದ, ಗಂಭೀರ ಹೆಂಗಸು. ಕಿಟಕಿಯ ಹೊರಗೆ ನೋಡುತ್ತ, ನನ್ನ ಕಡೆ ನೋಡುತ್ತ, ಒಂದು ಮಾತಿಲ್ಲ. ಈ ಮೌನವನ್ನು ಇವಳು ಸಂಸ್ಕಾರದ ಕೊರತೆ ಎಂದು ತಿಳಿದರೆ? ಮಗಳ ಮದುವೆಯ ಪ್ರಶ್ನೆ! ನಾನು ವಾರದಿಂದ ಉರುಹೊಡೆದಿದ್ದ ವಾಕ್ಯವನ್ನು ಹೊರತೆಗೆದೆ. ನಮ್ಮದು ಗಟ್ಟಿ ಸಂಸಾರ, ಹೆಂಡತಿ ನನ್ನೊಡನೆ ಮೂವತ್ತೆಂಟು ವರ್ಷ ಬಾಳಿದಳು ಎಂಬುದು ಅದರ ತಾತ್ಪರ್ಯ.

"ಮಿ ಎಸ್ಪೋಸಾ ವಿವಿಯೋ ಕೊನ್ಮೀಗೊ ತ್ರೇಯಿಂತಾ ಇ ಓಚೊ ಆನ್ಯೋಸ್."

'ವಿವಿರ್', ಬಾಳುವುದು. 'ಇರ್' ಪಂಗಡ. ವಿವಿಯೋ, ಬಾಳಿದಳು. ಒಂದು ಅಕ್ಷರ ತಪ್ಪಿರಲಿಲ್ಲ.

ಕಾರ್ಮೆನ್ ಸರಕ್ಕನೆ ನನ್ನ ಕಡೆ ತಿರುಗಿದಳು. "ವಿವಿಯೋ?"

"ವಿವಿಯೋ," ಎಂದು ಖಚಿತಪಡಿಸಿದೆ.

ಮೆಲ್ಲಗೆ ಕೇಳಿದಳು: "ಕ್ವಾಂದೊ?"

ಯಾವಾಗ ಎಂದರ್ಥ. ಪಾಪ, ಸುಮಿತ್ರಾಳನ್ನು ನೋಡುವ ಆತುರ! 'ಇಂದು' ಎನ್ನುವುದಕ್ಕೆ ಅವರ ಭಾಷೆಯಲ್ಲಿ 'ಓಯ್' ಎನ್ನುತ್ತಾರೆ. ನಾನು ಸ್ಟೀರಿಂಗ್ ಹಿಡಿದೇ ಉತ್ಸಾಹದಿಂದ ಕೂಗಿದೆ: "ಓಯ್!"

ಕಾರ್ಮೆನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಕಣ್ಣು ತುಂಬಿತು. ನನ್ನ ಭಾಷೆಯ ಪರಿಣಾಮ ಈ ಮಟ್ಟಕ್ಕಿರುತ್ತದೆಂದು ನಾನು ಎಣಿಸಿರಲಿಲ್ಲ. ಹುರುಪು ಬಂತು. ಹೆಂಡತಿ ಅಂದು ಬೆಳಗಿನಿಂದ ಅತಿಥಿಗಾಗಿ ಏನೇನು ಮಾಡಿದ್ದಳೋ ಎಲ್ಲವನ್ನೂ ವರದಿ ಮಾಡಿದೆ. ಕೆಲಸವೆಲ್ಲ ಮುಗಿದೇ ಇತ್ತಾದ್ದರಿಂದ ನ್ಯಾಯವಾಗಿ ಭೂತಕಾಲದಲ್ಲೇ ಮಾಡಿದೆ. ಕೊಸಿನೋ, ಅಡುಗೆ ಮಾಡಿದಳು. ಬರ್ರಿಯೋ, ಕಸ ಗುಡಿಸಿದಳು. ಲಿಂಪಿಯೋ, ಒರೆಸಿದಳು. ಕೊನೆಗೆ, ನನ್ನಂಥವನ ಜೊತೆ ಬಾಳುವುದೇನು ಸಾಮಾನ್ಯವೇ ಎಂಬ ವಿನಯದಿಂದ ಒಂದು ಸೇರಿಸಿದೆ: "ಸುಫ್ರಿಯೋ." ಬಹಳ ಕಷ್ಟ ಅನುಭವಿಸಿದಳು.

ಕಾರ್ಮೆನ್ ನನ್ನ ಭುಜದ ಮೇಲೆ ಕೈಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಎಂಥ ಮೃದು ಹೃದಯದ ಬೀಗಿತಿ! ವರ್ಧಾ ರಸ್ತೆಯುದ್ದಕ್ಕೂ ನಾನು ಹೆಮ್ಮೆಯಿಂದ ಕಾರು ಓಡಿಸಿದೆ.

ಇನ್ನು ನಮ್ಮ ಮನೆಯ ಮುಂದಿನ ದೃಶ್ಯ. ವಿದೇಶದ ಬೀಗಿತಿಯನ್ನು ನೋಡಲು ಅಕ್ಕಪಕ್ಕದವರೆಲ್ಲ ಸೇರಿದ್ದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಮೆಟ್ಟಿಲ ತುಂಬ ಚೆಂಡುಹೂವು. ಕಾರು ನಿಂತದ್ದೇ ಎಲ್ಲರೂ ಸಂಕೋಚದಿಂದ ಗಪ್‌ಚುಪ್ಪಾದರು. ಕಾರ್ಮೆನ್ ಆ ಜನ, ಆ ಹೂವು, ಆ ಮೌನ ನೋಡಿ, ಚೀಲದಿಂದ ಕಪ್ಪು ಶಾಲು ತೆಗೆದು ತಲೆಗೆ ಹೊದ್ದುಕೊಂಡಳು. ಬಿಸಿಲು ಜೋರಿತ್ತು, ಸರಿಯೇ ಎಂದುಕೊಂಡೆ.

ಬಾಗಿಲಲ್ಲಿ ಸುಮಿತ್ರಾ ಹೊಸ ಇಳಕಲ್ ಸೀರೆಯುಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದಳು. ಕಾರ್ಮೆನ್ ನೇರವಾಗಿ ಹೋಗಿ, ಆರತಿಯನ್ನೂ ಲೆಕ್ಕಿಸದೆ, ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಇವಳು ಸತ್ತವಳ ಅಕ್ಕನೋ ತಂಗಿಯೋ ಎಂದು ತಿಳಿದಳಂತೆ. ಸುಮಿತ್ರಾ ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡಿದಳು. ನಾನು, ಅದು ಅವರ ಪದ್ಧತಿ ಎಂಬಂತೆ ಗೋಣು ಹಾಕಿದೆ. ಮನೆಗೆ ಬಂದವರು ಅಳುತ್ತಿರುವಾಗ ತಾನು ಸುಮ್ಮನೆ ನಿಂತರೆ ಮರ್ಯಾದೆಯಲ್ಲ ಎಂದು ಸುಮಿತ್ರಾಳೂ ಶುರು ಮಾಡಿದಳು. ಮೊದಲು ಪದ್ಧತಿಗಾಗಿ ಅತ್ತಳು, ಆಮೇಲೆ ಮಗಳು ಬೇರೆ ಮನೆಗೆ ಹೋಗುವುದು ನೆನಪಾಗಿ ನಿಜವಾಗಿಯೇ ಅತ್ತಳು. ಪಕ್ಕದ ಮನೆಯ ಜೋಶಿ ಕಾಕು "ಅಗ ಬಾಈ, ಕಿತೀ ಮಾಯಾಳೂ!" ಅಂದರೆ ಎಷ್ಟು ಮಮತೆ ನೋಡು ಇವರದ್ದು, ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ಹಬ್ಬಿತು. ಹತ್ತೇ ನಿಮಿಷದಲ್ಲಿ ಇಡೀ ಓಣಿ ಅಳುತ್ತಿತ್ತು. ಒಣ ಕಣ್ಣು ನನ್ನದೊಂದೇ. ನಾನು ಪೆಟ್ಟಿಗೆ ಹಿಡಿದುಕೊಂಡು, ಸ್ವಾಗತ ಸಮಾರಂಭ ನಿರೀಕ್ಷೆ ಮೀರಿ ಯಶಸ್ವಿಯಾಯಿತೆಂದು ತೃಪ್ತಿಪಡುತ್ತಿದ್ದೆ.

ಆಗ ವೈದೇಹಿ ಮತ್ತು ಹಾವಿಯೆರ್ ಕೆಸರು ಬೂಟುಗಳಲ್ಲಿ ಓಡಿ ಬಂದರು. ಕಾರ್ಮೆನ್ ಮಗನ ಕೊರಳಿಗೆ ಬಿದ್ದು ಏನೇನೋ ಹೇಳಿದಳು. ಹುಡುಗನ ಮುಖ ಬಿಳಿಚಿಕೊಂಡಿತು. ಅವನು ಸುಮಿತ್ರಾಳ ಕಡೆ ನೋಡಿದ. ಅವಳು ಮೂಗು ಒರೆಸಿಕೊಂಡು "ಬಾರಪ್ಪಾ ಹಾವ್ಯಾ, ನೀರ ಕುಡಿ" ಎಂದಳು. ಆಮೇಲೆ ಅವನು ನನ್ನ ಕಡೆ ನೋಡಿದ.

"ಅಂಕಲ್‌ಜೀ, ಆಪ್ನೇ ಕ್ಯಾ ಬೋಲಾ?"

ನಾನು ಗಂಟಲು ಸರಿಮಾಡಿಕೊಂಡು ವಾಕ್ಯವನ್ನು ಇನ್ನೊಮ್ಮೆ, ಇನ್ನೂ ಸ್ಪಷ್ಟವಾಗಿ ಒಪ್ಪಿಸಿದೆ. ಹಾವಿಯೆರ್ ಕಣ್ಣು ಮುಚ್ಚಿದ. ಅವರ ಭಾಷೆಯಲ್ಲಿ ವಿವಿಯೋ ಎಂದರೆ ಬಾಳುವುದು ಮುಗಿಯಿತು, ಲೆಕ್ಕ ಚುಕ್ತಾ ಎಂದಂತೆ. ಇನ್ನೂ ಬಾಳುತ್ತಿರುವ ಹೆಂಡತಿಗೆ ವರ್ತಮಾನದ 'ವಿವೆ' ಎನ್ನಬೇಕಂತೆ. ಗೆದ್ದಲು ತಿಂದ ಹಾಳೆಗಳಲ್ಲಿ ಇನ್ನೊಂದು ಕಾಲವೂ ಇತ್ತಂತೆ.

"ಅಪ್ಪಾ!" ಎಂದು ಚೀರಿದಳು ವೈದೇಹಿ. "ನೀವು ಅವ್ವ ಸತ್ತಾಳ ಅಂತ ಹೇಳೀರಿ! ಅದೂ ಇವತ್ತ! ಮುಂಜಾನೆ ಕಸ ಹೊಡದು, ನೆಲ ಒರಸಿ, ನರಳಿ ನರಳಿ ಸತ್ತಾಳ ಅಂತ!"

ಅಳು ನಿಂತಿತು. ಜೋಶಿ ಕಾಕು ಸೆರಗು ಇಳಿಸಿದರು. ಸುಮಿತ್ರಾ ಆರತಿ ತಟ್ಟೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

"ಏನಂದ್ರಿ?"

"ಬರೇ ಭೂತಕಾಲ…" ಎಂದೆ.

"ಭೂತಕಾಲ! ಮೂವತ್ತೆಂಟು ವರ್ಷ ನಿಮ್ಮ ಕೈಯಾಗ ಹಿಂಡಿ ಹಿಪ್ಪಿಯಾಗೇನಿ, ಸಾಲಲಿಲ್ಲೇನ? ಕಡೀಕ ನನ್ನ ಭೂತಾನೇ ಮಾಡಿಬಿಟ್ರಿ!"

ಕಾರ್ಮೆನ್‌ಗೆ ಮಗ ಎಲ್ಲವನ್ನೂ ಹೇಳಿದ. ಅವಳು ಹತ್ತಿರ ಬಂದು ಸುಮಿತ್ರಾಳ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಎರಡೂ ಕೆನ್ನೆ ಮುಟ್ಟಿದಳು. ನಾನಂತೂ ಮಗಳ ಮದುವೆಯನ್ನೂ ಭೂತಕಾಲಕ್ಕೆ ಸೇರಿಸಿ ಮುಗಿಸಿದೆನೆಂದುಕೊಂಡೆ. ಆಗ ಕಾರ್ಮೆನ್‌ಗೆ ನಗು ಬಂತು. ಎಂಥ ನಗು! ನಿಲ್ಲಲಾರದೆ ಚಪ್ಪಲಿ ರಾಶಿಯ ಪಕ್ಕದಲ್ಲೇ ಕೂತು ನಕ್ಕಳು. ಸುಮಿತ್ರಾಳೂ ಅವಳ ಪಕ್ಕ ಕುಸಿದಳು. ಗುರುತಿಲ್ಲದ ಇಬ್ಬರು ಹೆಂಗಸರು ಒಬ್ಬರ ಹೆಗಲು ಒಬ್ಬರು ಹಿಡಿದು, ನನ್ನ ಕಡೆ ಬೆರಳು ತೋರಿಸಿ ನಕ್ಕರು.

ಆ ಸಂಜೆ ಕಿತ್ತಳೆಯ ಸಂತ್ರಾ ಬರ್ಫಿ ತಿನ್ನುತ್ತ ಕಾರ್ಮೆನ್ ಮಗನಿಗೆ ಹೇಳಿದ್ದನ್ನು ವೈದೇಹಿ ನಮಗೆ ಹೇಳಿದಳು. "ಅವರಂತಾರ, ಯಾಕ ಅಂತ ಕೇಳದನೇ ನನ್ನ ಜೋಡಿ ಅತ್ತವರ ಮನ್ಯಾಗ ನನ್ನ ಮಗ ಇದ್ರ ನನಗೇನೂ ಚಿಂತಿ ಇಲ್ಲ." ಹೂಂ ಬಿದ್ದಿತು. ಮದುವೆ ನಿಶ್ಚಯವಾಯಿತು.

ನನ್ನ ವ್ಯಾಕರಣದಿಂದಲೇ ಇದೆಲ್ಲ ಸಾಧ್ಯವಾಯಿತು ಎಂಬ ಅಂಶವನ್ನು ಸಭೆಯ ಗಮನಕ್ಕೆ ತಂದೆ. ಸಭೆ ಗಮನಿಸಲಿಲ್ಲ.

ಕಾರ್ಮೆನ್ ಹತ್ತು ದಿನ ಇದ್ದಳು. ಇಬ್ಬರೂ ಹಗಲೆಲ್ಲ ಅಡುಗೆಮನೆಯಲ್ಲೇ. ಇವಳು ಕನ್ನಡದಲ್ಲಿ, ಅವಳು ಸ್ಪ್ಯಾನಿಷ್‌ನಲ್ಲಿ, ಕಾಲವಿಲ್ಲ, ಪುರುಷವಿಲ್ಲ, ಬಾಲವಿಲ್ಲ, ಆದರೂ ಮಾತು ಮುಗಿಯುತ್ತಿರಲಿಲ್ಲ. ಈ ಅವ್ಯವಸ್ಥೆಯನ್ನು ನೋಡಲಾರದೆ ಕೊನೆಯ ದಿನ ನಾನು ಪುಸ್ತಕ ಹಿಡಿದು ಒಳಗೆ ಹೋದೆ. "ನೋಡು, ಭವಿಷ್ಯತ್ ಕಾಲದಾಗ 'ಆರ್' ಧಾತುಗಳಿಗೆ…"

"ಕಾಯಾ!" ಎಂದಳು ಸುಮಿತ್ರಾ, ತಿರುಗಿ ನೋಡದೆ.

ಮರಾಠಿಯಲ್ಲಿ 'ಕಾಯ್?' ಎಂದು ಕೇಳುತ್ತಿದ್ದಾಳೆ, ಕೇಳಿಸಲಿಲ್ಲವೇನೋ ಎಂದು ದನಿ ಏರಿಸಿದೆ. "ಭವಿಷ್ಯತ್ ಕಾಲದಾಗ…"

"ಕಾಯಾ!"

ಕಾರ್ಮೆನ್ ಚಪ್ಪಾಳೆ ತಟ್ಟಿದಳು. ಬಾಗಿಲಲ್ಲಿ ನಿಂತಿದ್ದ ಹಾವಿಯೆರ್ ತಗ್ಗಿದ ದನಿಯಲ್ಲಿ ವಿವರಿಸಿದ. ಅದು ಸ್ಪ್ಯಾನಿಷ್. 'ಕಾಯಾರ್', ಸುಮ್ಮನಿರುವುದು. 'ಆರ್' ಪಂಗಡದ ಶಿಸ್ತಿನ ಕ್ರಿಯಾಪದ. ಆಜ್ಞಾರ್ಥ, ಮಧ್ಯಮ ಪುರುಷ. ಉಚ್ಚಾರ ಅಪ್ಪಟ, ರೂಪ ನಿರ್ದುಷ್ಟ.

ಅದು ಯಾವ ವಚನ ಎಂದು ನಾನು ಅವನನ್ನು ಕೇಳಲಿಲ್ಲ. ಪುಸ್ತಕದಲ್ಲಿ ನೋಡಿದೆ. ಮೂವತ್ತೆಂಟು ವರ್ಷ 'ರೀ', 'ಬರ್ರಿ', 'ಹೋಗ್ರಿ' ಎಂಬ ಬಹುವಚನದಲ್ಲಿ ಬಾಳಿದವನು ನಾನು. ಈಗ ನನ್ನ ಹೆಂಡತಿಗೆ ಸ್ಪ್ಯಾನಿಷ್‌ನಲ್ಲಿ ಬರುವುದು ಒಂದೇ ಧಾತು, ಒಂದೇ ರೂಪ, ಒಬ್ಬನೇ ಪುರುಷ. ಆ ಪುರುಷ ನಾನು.

ಅದೂ ಏಕವಚನದಲ್ಲಿ!