ಮಂಜಿನ ಮಾಷ್ಟ್ರು

ತಂಟೆ ಮಾಡಬೇಕು ಅಂತ ನಾನು ಹೊರಡೋದೇ ಇಲ್ಲ. ತಂಟೆಗಳೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ಎಂಟನೇ ಕ್ಲಾಸಿನಲ್ಲಿ ಎರಡು ಸಲ ಫೇಲಾದ ಮೇಲೆ, ಮದ್ರಾಸಿನ ಎಗ್ಮೋರಿನ ಹೋಟೆಲಿನಲ್ಲಿ ದೋಸೆ ಹುಯ್ಯುವ ಅಪ್ಪಯ್ಯ ನನ್ನನ್ನು ಪಕ್ಕದ ಚಿತ್ರಕಲಾ ಶಾಲೆಗೆ ಸೇರಿಸಿದರು. "ಆಯುಧಪೂಜೆ ತನಕ ನೋಡ್ತೆ. ಮತ್ತೂ ಕೋತಿಯಾಟ ಆಡಿದ್ರೆ ಹಿಟ್ಟು ರುಬ್ಬೂಕೆ ಬಾ" ಅಂದರು. ನನಗೋ ಮೊದಲ ದಿನವೇ ಬಣ್ಣದ ವಾಸನೆ ತಲೆಗೆ ಹತ್ತಿತ್ತು. ರುಬ್ಬುವ ಕಲ್ಲು ಕನಸಿನಲ್ಲಿ ಬಂದರೂ ಬೆಚ್ಚುತ್ತಿದ್ದೆ.

ಕಲಿಸುವವರು ಸ್ಕಾಟ್ಲೆಂಡಿನ ಮಾಷ್ಟ್ರು. ಅವರನ್ನು ಇಂಗ್ಲೆಂಡಿನವರು ಅಂದರೆ ಮೂಗು ಕೆಂಪಾಗುತ್ತಿತ್ತು, ಹಿಂದೆ ಬೊಂಬಾಯಿಯಲ್ಲಿ ಮದ್ರಾಸಿ ಅನ್ನಿಸಿಕೊಂಡ ಕನ್ನಡಿಗ ಅಪ್ಪಯ್ಯನಿಗೆ ಆದ ಹಾಗೆ.

ಕಡಲು

ಮಾಷ್ಟ್ರ ಊರಿನಲ್ಲಿ ವರ್ಷವಿಡೀ ಮಂಜಂತೆ. ಮದ್ರಾಸಿಗೆ ಬಂದು ಹತ್ತು ವರ್ಷವಾದರೂ ಅದು ಅವರ ಕುಂಚದಿಂದ ಇಳಿದಿರಲಿಲ್ಲ. ಮರೀನಾದಲ್ಲಿ ಕೂತು, ಕಾದ ಕಾವಲಿಯಂಥ ಮಧ್ಯಾಹ್ನವನ್ನೂ ಬೂದು ಬೆಳಗು ಮಾಡುತ್ತಿದ್ದರು. ಕಾಗದದ ಮೇಲೆ ದೋಣಿಗಳು ನಿದ್ದೆಯಲ್ಲಿ ತೇಲುತ್ತಿದ್ದವು. ನೋಡುತ್ತಾ ನೋಡುತ್ತಾ ನನಗೆ ಚಳಿಯಾಗುತ್ತಿತ್ತು.

ಒಂದು ದಿನ ಮುದುಕ ಮೀನುಗಾರನೊಬ್ಬ ಬಗ್ಗಿ ನೋಡಿ, ತಮಿಳಿನಲ್ಲಿ ನನಗೆ ಮೆಲ್ಲಗೆ ಹೇಳಿದ: "ತಂಬಿ, ದೊರೆಗೆ ಕಣ್ಣಲ್ಲಿ ಪೊರೆ ಬಂದಿದೆ. ಆಸ್ಪತ್ರೆಗೆ ಕರಕೊಂಡು ಹೋಗು."

"ಏನಂತೆ?" ಮಾಷ್ಟ್ರು ಕೇಳಿದರು.

"ಚಿತ್ರ ತುಂಬ ಚೆನ್ನಾಗಿದೆಯಂತೆ, ಸಾರ್."

ಮಾಷ್ಟ್ರು ಕುಂಚ ತೊಳೆಯುತ್ತಾ ಅಚ್ಚ ತಮಿಳಿನಲ್ಲಿ ಮುದುಕನನ್ನು ಕೇಳಿದರು: "ಯಾವ ಆಸ್ಪತ್ರೆ ಒಳ್ಳೇದು, ಐಯಾ?"

ಬಾಳೆಹಣ್ಣು

ಮೇಜಿನ ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟು, ವಾರವಿಡೀ ಅದನ್ನೇ ಬರೆಯಿರಿ ಅಂದರು. ದಿನಕ್ಕೊಂದು ಹಣ್ಣು ಮಾಯವಾಗತೊಡಗಿತು.

"ಗೊತ್ತಿರೋದನ್ನಲ್ಲ, ಕಾಣೋದನ್ನ ಬರೀರಿ ಅಂದಿದ್ರಲ್ಲ ಸಾರ್, ನಂಗೆ ಇವತ್ತು ನಾಲ್ಕೇ ಕಾಣ್ತವೆ" ಅಂದೆ.

ಸೋಮವಾರ ಹೊಸ ಚಿಪ್ಪು ಬಂದಿತ್ತು. ಯಾರೂ ಇಲ್ಲದಾಗ ಒಂದನ್ನು ಕಚ್ಚಿದೆ. ಕಟಕ್. ಪ್ಲಾಸ್ಟರಿನದು, ಸಿಪ್ಪೆಯ ಕಪ್ಪು ಚುಕ್ಕೆಯವರೆಗೆ ಮಾಷ್ಟ್ರೇ ಭಾನುವಾರ ಕೂತು ಬಣ್ಣ ಹಚ್ಚಿದ್ದರು. ಸದ್ದು ಕೇಳಿ ಬಂದವರು, ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ ನನ್ನನ್ನು ಬಿಟ್ಟು, ಹಲ್ಲಿನ ಗುರುತನ್ನು ಬೆರಳಿಂದ ಸವರಿದರು. ಕನಸಿನಲ್ಲಿದ್ದವರ ಹಾಗೆ ಅಂದರು: "ಈ ಊರಲ್ಲಿ ನನ್ನ ಕೆಲಸವನ್ನ ಇಷ್ಟು ನಂಬಿದವನು ನೀನೊಬ್ಬನೇ."

ಅಪ್ಪಯ್ಯ

ಆ ಹಣ್ಣು ಕಚ್ಚಿ ಚೂರು ಮುರಿದ ನನ್ನ ಹಲ್ಲು ಅಪ್ಪಯ್ಯನ ಕಣ್ಣಿಗೆ ಬಿತ್ತು. ಆಯುಧಪೂಜೆಗೂ ಕಾಯದೆ ಮರುದಿನ ಮಧ್ಯಾಹ್ನವೇ ನನ್ನನ್ನು ಎಳೆದೊಯ್ಯಲು ಬಂದರು. ಒಳಗೆ ಇಪ್ಪತ್ತು ಹುಡುಗರೂ ಮಾಷ್ಟ್ರೂ ಅರ್ಧ ಕಣ್ಣು ಮುಚ್ಚಿ ಕೂತಿದ್ದೆವು.

"ಎಂತದಾ ಇದು, ಎಲ್ಲರಿಗೂ ನಿದ್ದೆಯಾ?"

"ಪಾಠ, ಅಪ್ಪಯ್ಯ. ಹೀಗೆ ನೋಡಿದ್ರೆ ಬೇಡದ್ದೆಲ್ಲ ಮಸುಕಾಗಿ, ನೆರಳು ಬೆಳಕು ಮಾತ್ರ ಉಳೀತದೆ."

ಮಾಷ್ಟ್ರು ಕುರ್ಚಿ ಎಳೆದು "ನೀವೂ ನೋಡಿ" ಅಂದರು. ಅಪ್ಪಯ್ಯ ಗುಮಾನಿಯಿಂದಲೇ ಕೂತು ಅರ್ಧ ಕಣ್ಣು ಮುಚ್ಚಿದರು. ಬೆಳಗಿನ ಮೂರು ಗಂಟೆಗೆ ಎದ್ದ ಕಣ್ಣು. ಉಳಿದರ್ಧ ತಾನಾಗಿ ಮುಚ್ಚಿಕೊಂಡಿತು.

ಮಾಷ್ಟ್ರು ತುಟಿಗೆ ಬೆರಳಿಟ್ಟು, ಅಪ್ಪಯ್ಯನ ಕಡೆ ಕೈ ತೋರಿದರು. ಪೆನ್ಸಿಲುಗಳು ಸಣ್ಣ ಮಳೆಯ ಹಾಗೆ ಸದ್ದು ಮಾಡಿದವು. ನಾನು ಮೊದಲ ಸಲ ಯಾರಿಗೂ ಕೋಡು ಬಾಲ ಸೇರಿಸದೆ ಬರೆದೆ. ದೋಸೆಕಲ್ಲು ಸುಟ್ಟ ಆ ಬೆರಳುಗಳನ್ನು ಅಲ್ಲಿವರೆಗೆ ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ನಾಲ್ಕು ಗಂಟೆಗೆ ಅಪ್ಪಯ್ಯ ಎದ್ದರೆ, ಸುತ್ತಲೂ ಕಾಗದಗಳ ಮೇಲೆ ಇಪ್ಪತ್ತು ಅಪ್ಪಯ್ಯಂದಿರು ನಿದ್ದೆಹೋಗಿದ್ದರು. ನನ್ನ ಚಿತ್ರದ ಮುಂದೆ ನಿಂತು, ತಮ್ಮ ಕೈಯನ್ನೂ ಅದನ್ನೂ ತುಂಬ ಹೊತ್ತು ನೋಡಿದರು.

"ಹುಡುಗನನ್ನ ಕರಕೊಂಡು ಹೋಗ್ತೀರಾ?" ಮಾಷ್ಟ್ರು ತಮಿಳಿನಲ್ಲಿ ಕೇಳಿದರು.

ಅಪ್ಪಯ್ಯ ಹೆಗಲ ಮೇಲಿನ ಬೆವರೊರೆಸುವ ಬೈರಾಸು ಸರಿಮಾಡಿಕೊಂಡರು. "ಬ್ಯಾಡ, ಅವ ಇಲ್ಲೇ ಕಲೀಲಿ. ಶನಿವಾರ ಮಾತ್ರ ಅವನನ್ನು ದೋಸೆಕಲ್ಲಿನ ಮುಂದೆ ನಿಲ್ಲಿಸ್ತೆ. ಆ ದಿನದ ಕಣ್ಣು ಮುಚ್ಚೂ ಪಾಠಕ್ಕೆ ಅವನ ಬದ್ಲು ನಾನೇ ಬತ್ತೆ."