ಇದ್ದಷ್ಟೇ ಅಳತೆ

ನಮ್ಮ ದೊಡ್ಡಪ್ಪನಿಗೆ ಸೀಮೆಯ ಗಿಡಗಳೆಲ್ಲ ಗುರುತು ಸಿಗುತ್ತಿದ್ದವು, ಮನುಷ್ಯರು ಮಾತ್ರ ಸಿಗುತ್ತಿರಲಿಲ್ಲ. ಸುಳ್ಳು ಅಂದುಕೊಂಡಿರಾ? ಒಂದು ಸಲ ಚನ್ನರಾಯಪಟ್ಟಣದಿಂದ ಒಬ್ಬರು ಬಂದು ಹೊಳೆನರಸೀಪುರದ ನಮ್ಮ ಮನೆಯ ಜಗಲಿ ಹತ್ತಿದರು. ದೊಡ್ಡಪ್ಪ ಅವರ ಮುಖ ನೋಡಲಿಲ್ಲ, ಪಂಚೆಯ ಅಂಚು ನೋಡಿದರು. ಅದಕ್ಕೆ ಅಂಟಿದ್ದ ಉತ್ತರಾಣಿ ಬೀಜಗಳನ್ನು ಒಂದೊಂದಾಗಿ ಬಿಡಿಸಿ ಅಂಗೈಯಲ್ಲಿಟ್ಟುಕೊಂಡು, "ಭಲೇ, ಚೆನ್ನಾಗ್ ಬಲ್ತವೆ! ಅದ್ಸರಿ, ತಾವ್ಯಾರು?" ಅಂದರು.

"ನಿಮ್ ಭಾಮೈದ ಕಣ್ ಭಾವ! ಮದ್ವೇಲಿ ನಿಮ್ಗೆ ಕೊಡೆ ಹಿಡಿದೋನು!"

ದೊಡ್ಡಪ್ಪನ ಕೆಲಸವೇ ಅಂಥದ್ದಾಗಿತ್ತು. ಬಿಳಿ ದೊರೆಗಳ ಕಾಲದಲ್ಲಿ ಗಿಡಗಳ ಚಿತ್ರ ಬರೆಯುವ ನೌಕರಿ. ದೊರೆ ಕಾಡುಮೇಡು ಅಲೆದು ಗಿಡ ಕಿತ್ತು ತರುವುದು, ಅದು ಬಾಡುವುದರೊಳಗೆ ಇವರು ನೀರುಬಣ್ಣದಲ್ಲಿ ಹಾಳೆಗಿಳಿಸುವುದು. ದೊರೆಯದು ಒಂದೇ ಕಟ್ಟಳೆ: ಇದ್ದದ್ದು ಇದ್ದ ಹಾಗೆ, ಇದ್ದಷ್ಟೇ ಅಳತೆ. ಎಲೆಗೆ ಹುಳು ತೂತು ಮಾಡಿದ್ದರೆ ಚಿತ್ರದಲ್ಲೂ ತೂತು! ದೊರೆ ಹಡಗು ಹತ್ತಿ ಹೋದರು, ದೇಶಕ್ಕೆ ಸ್ವಾತಂತ್ರ್ಯ ಬಂತು. ನಮ್ಮ ಪಡಸಾಲೆಗೆ ಮಾತ್ರ ಬರಲಿಲ್ಲ. ಅಲ್ಲಿ ಇನ್ನೂ ಆ ಕಟ್ಟಳೆಯದೇ ಆಳ್ವಿಕೆ!

ದೊಡ್ಡಪ್ಪ ತಾವಾಗಿ ಸೇರಿಸಿದ ಕಟ್ಟಳೆ ಇನ್ನೊಂದಿತ್ತು. ಹಾಳೆಯನ್ನು ಯಾರೂ ಮುಟ್ಟುವಂತಿಲ್ಲ. ಹೈಸ್ಕೂಲು ಓದಲು ಅವರ ಮನೆಯಲ್ಲಿದ್ದ ನಾನು ಒಮ್ಮೆ ದಾಸವಾಳದ ಮೇಲೆ ಬೆರಳಿಟ್ಟು ಎಂಥ ಬೈಗುಳ ತಿಂದೆ! "ಬೆರಳಿನ ಜಿಡ್ಡು ಬಣ್ಣಾನ ತಿಂದಾಕ್ತದೆ ಕಣವ್ವಾ! ಕಣ್ಣಲ್ಲಿ ನೋಡು, ಕೈಯಲ್ಲಲ್ಲ!"

ನೌಕರಿ ಮುಗಿದರೂ ಚಟ ಮುಗಿಯಬೇಕಲ್ಲ? ಒಂದು ದಿನ ಹಳೇಕೋಟೆಯ ಹೊಲದ ಬದುವಿನಿಂದ ಅದೇನೋ ಗಿಡ ಕಿತ್ತು ತಂದು, ಅರ್ಧ ಚಿತ್ರ ಬರೆದು, ತಂಪಿರಲಿ ಎಂದು ಚೊಂಬಿನ ನೀರಿಗಿಟ್ಟು ಅಡುಗೆಮನೆಯಲ್ಲಿ ಬಿಟ್ಟಿದ್ದರು. ದೊಡ್ಡಮ್ಮ ಅದನ್ನೂ ಬೆರಕೆ ಸೊಪ್ಪಿನ ಜೊತೆ ಸಾರಿಗೆ ಹಾಕಿಬಿಟ್ಟರು. ಅದು ಉಣ್ಣುವ ಸೊಪ್ಪೇ, ಅವರ ತಪ್ಪೇನು?

"ಲೇ, ಚೊಂಬಲ್ಲಿದ್ದ ಗಿಡ ಎಲ್ಲೇ?"

"ನಿಮ್ ತಟ್ಟೇಲೇ ಐತೆ, ಉಣ್ಣಿ."

ದೊಡ್ಡಪ್ಪ ಮುದ್ದೆ ಸರಿಸಿ, ಸಾರಿನೊಳಗೆ ಬೆರಳಾಡಿಸಿ, ದಂಟನ್ನು ಹುಡುಕಿ ತೆಗೆದರು. ಅಡಿಕೋಲು ತರಿಸಿ ಎಡಗೈಯಲ್ಲಿ ಹಿಡಿದು ಅಳೆದರು. "ಬೆಂದ್ರೂ ಉದ್ದ ಕಮ್ಮಿ ಆಗಿಲ್ಲ ಕಣೇ!"

ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. "ಒತ್ತಾರೆಯಿಂದ ಆ ಕಳೆ ಮುಂದೆ ಕುಂತ್ಕಂಡು ನೋಡ್ತೀರಲ್ಲ, ಮದ್ವೆ ಆದಾಗ್ಲಿಂದ ನನ್ನ ಒಂದ್ ಗಳಿಗೆ ಅಂಗೆ ನೋಡಿದೀರಾ? ನನ್ನೂ ಒಂದ್ ಕಿತ ಬರೀರಿ!"

ನಗುತ್ತಲೇ ಅಂದದ್ದು. ಕೊನೆಗೆ ಬರುವ ಹೊತ್ತಿಗೆ ದನಿ ತೆಳ್ಳಗಾಗಿತ್ತು.

ದೊಡ್ಡಪ್ಪ ಒಪ್ಪಿದರು. ಭಾನುವಾರ ದೊಡ್ಡಮ್ಮ ಜರಿ ಸೀರೆ ಉಟ್ಟು ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಕೂತರು. ಹಾಲು ಉಕ್ಕಿತು, ಎದ್ದರು. ಒಣಗಲು ಹಾಕಿದ ಹಪ್ಪಳಕ್ಕೆ ಕಾಗೆ ಬಂತು, ಎದ್ದರು. ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಿದರು, ಎದ್ದರು. ಮಧ್ಯಾಹ್ನ ನೋಡಿದರೆ ಹಾಳೆಯ ತುಂಬ ಮಣೆ! ಬಿರುಕು, ಮೊಳೆ ಸಮೇತ. ಇದ್ದಷ್ಟೇ ಅಳತೆಯಾದ್ದರಿಂದ ಹಾಳೆ ಸಾಲದೆ ಮುಕ್ಕಾಲು ಮಣೆ.

"ನಾನೆಲ್ಲಿ?"

"ಅಲ್ಲಾಡ್ದೆ ಇದ್ದಿದ್ದು ಅದೊಂದೇ ಕಣೇ."

ಸೀರೆ ಮಡಿಸಿ ಪೆಟ್ಟಿಗೆಗಿಟ್ಟ ದೊಡ್ಡಮ್ಮ ಮತ್ತೆಂದೂ ಕೇಳಲಿಲ್ಲ.

ಕೆಲವು ವರ್ಷಕ್ಕೆ ದೊಡ್ಡಪ್ಪನ ಕಣ್ಣಿಗೆ ಪೊರೆ ಬಂತು. ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ನು. ಆಗೆಲ್ಲ ಎರಡೂ ಕಣ್ಣು ಕಟ್ಟಿ, ತಲೆಯ ಆಚೆ ಈಚೆ ಮರಳಿನ ಚೀಲ ಇಟ್ಟು ದಿನಗಟ್ಟಲೆ ಮಲಗಿಸುತ್ತಿದ್ದರು. "ಈಗ ನೀವು ಅಲ್ಲಾಡಂಗಿಲ್ಲ!" ಎಂದು ದೊಡ್ಡಮ್ಮ ನಕ್ಕಿದ್ದೇ ನಕ್ಕಿದ್ದು. ಮೂರು ಹೊತ್ತೂ ಅವರೇ ಕೈಯಾರೆ ತುತ್ತಿಟ್ಟರು.

ದಪ್ಪ ಕನ್ನಡಕ ಹಾಕಿಕೊಂಡು ಮನೆಗೆ ಬಂದ ದೊಡ್ಡಪ್ಪ ಈ ಸಲ ಕೂರು ಅನ್ನಲೂ ಇಲ್ಲ, ಸೀರೆ ಉಡು ಅನ್ನಲೂ ಇಲ್ಲ. ದಿನಾ ಬೆಳಿಗ್ಗೆ ದೊಡ್ಡಮ್ಮ ಜಗಲಿಯಲ್ಲಿ ಗಣಿಕೆ ಸೊಪ್ಪು ಬಿಡಿಸುವಾಗ ಎದುರಿಗೆ ಹಾಳೆ ಇಟ್ಟುಕೊಂಡು ಕೂತರು. ಒಂದು ವಾರವಾದ ಮೇಲೆ ಹಾಳೆ ತಿರುಗಿಸಿದರು. ಸೊಪ್ಪಿನ ಕುಡಿ ಹಿಡಿದ ಒಂದು ಕೈ. ಸೊಟ್ಟ ಕಿರುಬೆರಳು, ಸವೆದ ಬಳೆ, ಮಣಿಕಟ್ಟಿನ ಹತ್ತಿರ ಒಲೆಯ ಸುಟ್ಟ ಕಲೆ.

"ಈ ಸುಟ್ ಕಲೆನಾರ ಬಿಡಬಾರ್ದಿತ್ತಾ?"

"ಕಣ್ ಕಟ್ಟಿದ್ದಾಗ ನಂಗೆ ಉಣ್ಸಿದ ಕೈ ಕಣೇ. ಇದ್ದಂಗೇ ಇರ್ಬೇಕು."

ದೊಡ್ಡಮ್ಮ ತಮ್ಮ ಕೈಯನ್ನು ಹಾಳೆಗೆ ತಾಕಿಸದೆ ಅದರ ಮೇಲೆ ಹಿಡಿದು ನೋಡಿದರು. ಇದ್ದಷ್ಟೇ ಅಳತೆ! ಸೊಪ್ಪು ಎತ್ತಿಕೊಂಡು ಒಳಗೆ ಹೋದರು. ಅಂದು ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು.

ಮೊದಲು ಹೋದವರು ದೊಡ್ಡಮ್ಮ. ಈಗ ಇಬ್ಬರೂ ಇಲ್ಲ, ಆ ಹಾಳೆಗಳೆಲ್ಲ ನನ್ನ ಟ್ರಂಕಿನಲ್ಲಿವೆ. ವರ್ಷಕ್ಕೊಮ್ಮೆ ತೆಗೆದು ಗಾಳಿಗಿಡುತ್ತೇನೆ. ಚಿತ್ರದ ಎಲೆಗಳಲ್ಲಿ ಹುಳು ತಿಂದ ತೂತಿನ ಅಂಚು ಕೂಡ ಮಾಸಿಲ್ಲ. ಆ ಒಂದು ಹಾಳೆಯಲ್ಲಿ ಗಣಿಕೆ ಸೊಪ್ಪು ಹಸಿರಾಗೇ ಇದೆ, ಕೈ ಮಾತ್ರ ಬಣ್ಣ ಹೋಗಿ ಬಿಳಿಚಿಕೊಂಡಿದೆ. ದೊಡ್ಡಮ್ಮ ಹೋದ ಮೇಲೆ ದೊಡ್ಡಪ್ಪ ದಿನಾ ಬೆಳಿಗ್ಗೆ ಕನ್ನಡಕ ತೆಗೆದಿಟ್ಟು, ಚಿತ್ರದ ಆ ಕೈ ಮೇಲೆ ತಮ್ಮ ಕೈ ಇಟ್ಟುಕೊಂಡು ಕೂರುತ್ತಿದ್ದರು.