ಅರವತ್ತು ಗಂಟೆಯ ಕುರಿ ಪಾಠ

ಪಠ್ಯಕ್ರಮ ರೂಪಿಸುವುದರಲ್ಲಿ ನಮ್ಮಂಥ ಮೇಷ್ಟ್ರುಗಳಿಗೆ ಒಂದು ಗುಟ್ಟಿದೆ. ನಾವು ಪಠ್ಯಕ್ರಮವನ್ನು ಬರೆಯುವುದೇ ಇಲ್ಲ. ಹೋದ ವರ್ಷದ್ದನ್ನು ತೆಗೆದು ಇಸವಿ ಬದಲಾಯಿಸುತ್ತೇವೆ. ಐದು ಘಟಕ, ಒಂದೊಂದಕ್ಕೆ ಹನ್ನೆರಡು ಗಂಟೆ, ಕೊನೆಗೆ ಯಾರೂ ತೆರೆಯದ ಪುಸ್ತಕಗಳ ಪಟ್ಟಿ. ಮೊದಲ ಘಟಕ ಯಾವಾಗಲೂ ‘ಅರ್ಥ, ವ್ಯಾಖ್ಯೆ ಮತ್ತು ವ್ಯಾಪ್ತಿ’. ಹೊಸದುರ್ಗದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಾ ಇಪ್ಪತ್ತು ವರ್ಷ ಹೀಗೇ ಕಳೆದೆ. ಒಮ್ಮೆ ಕರಾವಳಿಯ ಯಾವುದೋ ಕಾಲೇಜಿನದನ್ನು ನಕಲು ಮಾಡಿ, ನಮ್ಮ ಬಯಲುಸೀಮೆಯ ಹುಡುಗರಿಗೆ ಮೀನುಗಾರಿಕೆ ಬಂದರಿನ ಭೇಟಿ ಕಡ್ಡಾಯ ಮಾಡಿಬಿಟ್ಟಿದ್ದೆ. ನನ್ನ ಹೆಂಡತಿ ರತ್ನಮ್ಮ ಎರಡು ದಿನ ನಕ್ಕಿದ್ದಳು.

ಅವಳು ಮತ್ತೋಡು ಕಡೆಯ ಕುರಿ ಸಾಕುವ ಮನೆಯವಳು. ಏಳನೇ ತರಗತಿಯವರೆಗೆ ಓದಿದವಳು. ಹೋದ ವರ್ಷ ತೀರಿಕೊಂಡಳು. ಈ ವರ್ಷ ಕುರಿ ಸಾಕಣೆಯ ಮೇಲೆ ಹೊಸ ಕೋರ್ಸ್ ಬೇಕೆಂದು ಪ್ರಾಂಶುಪಾಲರು ಹೇಳಿದಾಗ, ಯಾರೂ ಕೇಳದೆಯೇ ಕೈ ಎತ್ತಿದೆ. ಅವಳಿಗೆ ತಿಳಿದದ್ದರಲ್ಲಿ ಸ್ವಲ್ಪವಾದರೂ ನಾಲ್ಕು ಪುಟದಲ್ಲಿ ಉಳಿಯಲಿ ಎಂಬ ಆಸೆ. ಬರೆಯಲು ಕುಳಿತಾಗ ಗೊತ್ತಾಯಿತು, ಅಷ್ಟು ವರ್ಷ ಜೊತೆಗಿದ್ದೂ ಕುರಿಯ ಬಗ್ಗೆ ಅವಳನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ವ್ಯಾಖ್ಯೆ ಮಾತ್ರ ಸೊಗಸಾಗಿ ಬಂತು.

ಭಾನುವಾರ ಅತ್ತೆಯ ಮನೆಗೆ ಹೋದೆ. ಕುರಿ ಕೂಡಿಹಾಕುವ ರೊಪ್ಪದ ಬಳಿ ಕುಳಿತಿದ್ದರು. ಕೋರ್ಸಿಗೆ ಅರವತ್ತು ಗಂಟೆ ಕೊಟ್ಟಿದ್ದಾರೆ ಎಂದು ವಿವರಿಸಿದೆ. ಅವರು ಎಲೆ ಅಡಿಕೆ ಅಗಿಯುತ್ತಾ ಯೋಚಿಸಿ, “ಅಷ್ಟ್ರಾಗೆ ನಿಮ್ ಹುಡುಗ್ರು ಕುರಿನ ಕಲಿಯಾಕಿಲ್ಲಪ್ಪ. ಕುರಿ ಬೇಕಾದ್ರೆ ನಿಮ್ ಹುಡುಗ್ರುನ್ನ ಕಲ್ತ್ಕಂತಾವೆ” ಎಂದರು. ಅದನ್ನೂ ಬರೆದುಕೊಂಡೆ.

ಮೂರನೇ ಘಟಕಕ್ಕೆ ಮಂದೆಯ ಲೆಕ್ಕ ಇಡುವ ಕ್ರಮ ಬೇಕಿತ್ತು. ಸಂಜೆ ಕುರಿ ಮರಳಿದಾಗ ಹೇಗೆ ಎಣಿಸುತ್ತೀರಿ ಎಂದು ಕೇಳಿದೆ.

“ಎಣಿಸಾಕಿಲ್ಲ. ಎಣಿಸಬಾರ್ದು. ಮಖ ನೋಡ್ತೀವಿ. ಯಾವ್ದು ಬಂದಿಲ್ಲ ಅಂತ ಗೊತ್ತಾಗ್ತೈತೆ.” ಎಲೆಯ ರಸ ಪಕ್ಕಕ್ಕೆ ಉಗುಳಿ, “ರತ್ನಿ ಆರು ವರ್ಷಕ್ಕೇ ಕಲ್ತಿದ್ಲು” ಎಂದರು. ರೊಪ್ಪದಲ್ಲಿ ಕುರಿಗಳು ಅರಚುತ್ತಿದ್ದವು.

‘ಕಲಿಕೆಯ ಫಲಿತಾಂಶ’ ಎಂಬ ಕಾಲಂನಲ್ಲಿ ಬರೆದೆ: ‘ಕೋರ್ಸಿನ ಕೊನೆಗೆ ವಿದ್ಯಾರ್ಥಿಯು ಎಣಿಸದೆಯೇ ಯಾರಿಲ್ಲವೆಂದು ತಿಳಿಯಬಲ್ಲನು.’ ಇಪ್ಪತ್ತು ವರ್ಷದಲ್ಲಿ ನಾನು ಸ್ವಂತವಾಗಿ ಬರೆದ ಮೊದಲ ಸಾಲು ಅದು. ಪಠ್ಯಕ್ರಮ ಸಮಿತಿಯ ಹಿರಿಯರು ಕನ್ನಡಕ ಸರಿಮಾಡಿಕೊಂಡು, “ಇದನ್ನ ಹೆಂಗ್ ಅಳಿತೀರಿ ಸಾರ್? ಎಷ್ಟು ಮಾರ್ಕ್ಸಿಗೆ?” ಎಂದರು. ಒಳ್ಳೆಯ ಮನುಷ್ಯ, ಕೇಳಿದ್ದರಲ್ಲಿ ತಪ್ಪೇನಿಲ್ಲ. ಸಾಲಿನ ಮೇಲೆ ಗೀಟು ಬಿತ್ತು. ಆ ಜಾಗಕ್ಕೆ ‘ನಾಲ್ಕು ತಳಿಗಳನ್ನು ಹೆಸರಿಸುವುದು’ ಬಂತು. ಅತ್ತೆಯ ರೊಪ್ಪಕ್ಕೆ ಎರಡು ಗಂಟೆಯ ಭೇಟಿ ಮಾತ್ರ ಉಳಿಯಿತು, ಬಂದರಿಗಿಂತ ಹತ್ತಿರ ಎಂಬ ಕಾರಣಕ್ಕೆ.

ಗೀಟು ಹಾಕಿದರೇನು, ಪಾಠ ಮಾಡುವವನು ನಾನೇ ತಾನೆ? ಕೋರ್ಸಿನ ಮೊದಲ ತರಗತಿಯಲ್ಲಿ ಹಾಜರಿ ಪುಸ್ತಕ ಮುಚ್ಚಿಟ್ಟು, ಹುಡುಗರ ಮುಖಗಳನ್ನೇ ನೋಡುತ್ತಾ ನಿಂತೆ. ಎರಡು ವರ್ಷದಿಂದ ನಂಬರ್ ಕೂಗಿಯೇ ಗೊತ್ತಿದ್ದ ಮಕ್ಕಳು. ಎಲ್ಲರೂ ಬಂದಂತೆಯೇ ಕಂಡಿತು. “ಎಲ್ಲಾ ಇದೀರಿ” ಎಂದೆ, ಬಹಳ ಗಂಭೀರವಾಗಿ. ಮುಂದಿನ ಬೆಂಚಿನ ಹುಡುಗಿ ಒಮ್ಮೆ ಹಿಂತಿರುಗಿ ನೋಡಿ, ಮೂವರು ಬಂದಿಲ್ಲವೆಂದು ಮೆಲ್ಲಗೆ ಹೆಸರು ಹೇಳಿದಳು. ತರಗತಿ ನಕ್ಕಿತು, ನಾನೂ ನಕ್ಕೆ.

ಸಂಜೆ ಮನೆಗೆ ಬಂದು ಬೀಗ ತೆಗೆದೆ. ಅಲ್ಲಿ ಯಾರಿಲ್ಲವೆಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.